±2 ಡಿಗ್ರಿ ಫ್ಯಾರನ್‌ಹೀಟ್ ಅಂದರೆ ಎಷ್ಟು ಸೆಲ್ಸಿಯಸ್?

ಪ್ರಶ್ನೆ: ಹೊಸದಾಗಿ ಕೊಂಡ ಡಿಜಿಟಲ್ ಥರ್ಮಾಮೀಟರಿನ ಕೈಪಿಡಿಯಲ್ಲಿ ‘ನಿಖರತೆ ±2 °ಫ್ಯಾ’ ಎಂದಿದೆ. ಸೆಲ್ಸಿಯಸ್‌ನಲ್ಲಿ ಎಷ್ಟಾಗುತ್ತದೆ ಎಂದು ಶಾಲೆಯಲ್ಲಿ ಕಲಿತ ಸೂತ್ರಕ್ಕೆ ಹಾಕಿ ನೋಡಿದೆ, −16.7 ಬಂತು. ಇದು ಅರ್ಥವಿಲ್ಲದ ಉತ್ತರ ಎಂದು ಗೊತ್ತಾಗುತ್ತಿದೆ, ಆದರೆ ಎಲ್ಲಿ ತಪ್ಪಿದೆ ಎಂದು ತಿಳಿಯುತ್ತಿಲ್ಲ. ಹಾಗೆಯೇ ಕೆಲ್ವಿನ್‌ಗೆ ಬದಲಿಸುವಾಗ ಕೂಡಿಸಬೇಕಾದದ್ದು 273ನ್ನೋ, 273.15ನ್ನೋ? ಈ ಲೆಕ್ಕಗಳನ್ನು ಬಾಯಲ್ಲೇ ಮಾಡಲು ಸುಲಭದ ದಾರಿ ಇದ್ದರೆ ತಿಳಿಸಿ.

ಉತ್ತರ: ನಿಮ್ಮ ಸೂತ್ರ ಸರಿ, ಗುಣಾಕಾರ ಭಾಗಾಕಾರಗಳೂ ಸರಿ. ಆದರೆ ಆ ಸೂತ್ರವನ್ನು ಇಲ್ಲಿ ಹಾಕುವಂತಿಲ್ಲ. ಸರಿಯಾದ ಉತ್ತರ ±1.1 °ಸೆ. 2ನ್ನು 1.8ರಿಂದ ಭಾಗಿಸಿದರೆ ಕೆಲಸ ಮುಗಿಯಿತು. 32ರ ಗೊಡವೆಯೇ ಬೇಡ.

ಡಿಗ್ರಿ ಎಂಬ ಒಂದೇ ಮಾತನ್ನು ನಾವು ಎರಡು ಬೇರೆ ಸಂಗತಿಗಳಿಗೆ ಬಳಸುತ್ತೇವೆ. ಗೊಂದಲವೆಲ್ಲ ಹುಟ್ಟುವುದು ಅಲ್ಲಿಂದಲೇ. ‘ನೀರು 50 °ಫ್ಯಾ ಇದೆ’ ಎಂದಾಗ ಮಾಪಕದ ಮೇಲಿನ ಒಂದು ಗುರುತನ್ನು ಹೇಳುತ್ತಿದ್ದೇವೆ. ‘ನೀರಿನ ಬಿಸಿ 50 °ಫ್ಯಾ ಏರಿತು’ ಎಂದಾಗ ಎರಡು ಗುರುತುಗಳ ನಡುವಿನ ಅಂತರವನ್ನು ಹೇಳುತ್ತಿದ್ದೇವೆ. ಮೊದಲನೆಯದು 10 °ಸೆ, ಎರಡನೆಯದು 27.8 °ಸೆ. ಸಂಖ್ಯೆ ಒಂದೇ ಆದರೂ ಉತ್ತರ ಎರಡು.

ಒಂದೇ ಗೋಡೆಗೆ ಎರಡು ಅಳತೆಪಟ್ಟಿಗಳನ್ನು ಅಕ್ಕಪಕ್ಕ ಅಂಟಿಸಿದ್ದೀರಿ ಎಂದುಕೊಳ್ಳಿ. ಸೆಲ್ಸಿಯಸ್ ಪಟ್ಟಿಯ ಸೊನ್ನೆ ನೆಲಕ್ಕೆ ಸರಿಯಾಗಿದೆ. ಫ್ಯಾರನ್‌ಹೀಟ್ ಪಟ್ಟಿಯನ್ನು ಇನ್ನೂ ಕೆಳಗಿನಿಂದ ಶುರುಮಾಡಿರುವುದರಿಂದ ನೆಲದ ಮಟ್ಟದಲ್ಲಿ ಅದು 32 ತೋರಿಸುತ್ತದೆ. ಜತೆಗೆ ಅದರ ಗೆರೆಗಳು ಒತ್ತೊತ್ತಾಗಿವೆ: ಸೆಲ್ಸಿಯಸ್ ಪಟ್ಟಿಯಲ್ಲಿ 5 ಗೆರೆ ಬರುವ ಜಾಗದಲ್ಲಿ ಇದರಲ್ಲಿ 9 ಗೆರೆ. ಗೋಡೆಯ ಮೇಲಿನ ಒಂದು ಮೊಳೆ ಎಷ್ಟು ಎತ್ತರದಲ್ಲಿದೆ ಎಂದು ಕೇಳಿದರೆ ಪಟ್ಟಿ ಎಲ್ಲಿಂದ ಶುರುವಾಗಿದೆ ಎನ್ನುವುದೂ ಬೇಕು, ಗೆರೆಯ ಒತ್ತೂ ಬೇಕು. ಎರಡು ಮೊಳೆಗಳ ನಡುವಿನ ದೂರ ಕೇಳಿದರೆ ಶುರು ಎಲ್ಲಿಂದಾದರೇನು, ಗೆರೆಯ ಒತ್ತು ಗೊತ್ತಿದ್ದರೆ ಸಾಕು.

ಆದ್ದರಿಂದ ಸೂತ್ರಗಳು ಎರಡು ಜೋಡಿ. ಗುರುತಿಗೆ:

°ಫ್ಯಾ = °ಸೆ × 1.8 + 32
°ಸೆ = (°ಫ್ಯಾ − 32) ÷ 1.8

ಅಂತರಕ್ಕೆ:

ಫ್ಯಾರನ್‌ಹೀಟ್ ಅಂತರ = ಸೆಲ್ಸಿಯಸ್ ಅಂತರ × 1.8
ಸೆಲ್ಸಿಯಸ್ ಅಂತರ = ಫ್ಯಾರನ್‌ಹೀಟ್ ಅಂತರ ÷ 1.8

ನಂಬಿಕೆ ಬರದಿದ್ದರೆ ತಾಳೆ ನೋಡಿ. ನಿಮ್ಮ ಥರ್ಮಾಮೀಟರ್ 100 °ಫ್ಯಾ ತೋರಿಸುತ್ತಿದೆ. ±2 ಎಂದರೆ ನಿಜವಾದ ತಾಪಮಾನ 98ರಿಂದ 102ರ ಒಳಗೆ. ಈ ಮೂರೂ ಗುರುತುಗಳನ್ನು ಪೂರ್ತಿ ಸೂತ್ರದಿಂದಲೇ ಬದಲಿಸಿ: 98 ಆಗುವುದು 36.67, 100 ಆಗುವುದು 37.78, 102 ಆಗುವುದು 38.89. ನಡುವಿನಿಂದ ಎರಡೂ ಕಡೆಗೆ 1.11 ಅಂತರ. 32 ಮೂರರಲ್ಲೂ ಇತ್ತು, ಕಳೆಯುವಾಗ ಒಂದಕ್ಕೊಂದು ಹೊಡೆದುಹೋಯಿತು. (ಅಂದಹಾಗೆ, ಇಷ್ಟು ಸಡಿಲವಾದ ಥರ್ಮಾಮೀಟರಿನಿಂದ ಜ್ವರ ನೋಡಬೇಡಿ. ಜ್ವರ ಇದೆಯೋ ಇಲ್ಲವೋ ಎಂಬ ತೀರ್ಮಾನವೇ ಆ 1.1 ಡಿಗ್ರಿಯೊಳಗೆ ಮುಳುಗಿಹೋಗುತ್ತದೆ.)

ಈ 32 ಎಲ್ಲಿಂದ ಬಂತು ಎಂದು ತಿಳಿದರೆ ಸೂತ್ರ ಮರೆಯುವುದಿಲ್ಲ. ಡೇನಿಯಲ್ ಗೇಬ್ರಿಯಲ್ ಫ್ಯಾರನ್‌ಹೀಟ್ 1724ರಲ್ಲಿ ತನ್ನ ಮಾಪಕವನ್ನು ವಿವರಿಸಿದಾಗ ಮೂರು ಗುರುತುಗಳನ್ನು ಹೇಳಿದ. ಮಂಜುಗಡ್ಡೆ, ನೀರು ಮತ್ತು ಅಮೋನಿಯಂ ಕ್ಲೋರೈಡ್ ಲವಣದ ಮಿಶ್ರಣಕ್ಕೆ 0; ಬರಿಯ ಮಂಜುಗಡ್ಡೆ ಮತ್ತು ನೀರಿಗೆ 32; ಆರೋಗ್ಯವಂತನ ಮೈಬಿಸಿಗೆ 96. 32ರಿಂದ 96ಕ್ಕೆ 64 ಭಾಗ. ಅಂತರವನ್ನು ಆರು ಸಲ ಅರ್ಧ ಅರ್ಧ ಮಾಡುತ್ತ ಹೋದರೆ ಸಿಗುವ ಸಂಖ್ಯೆ ಅದು. ಮುಂದೆ ನೀರು ಹೆಪ್ಪುಗಟ್ಟುವುದನ್ನು 32ಕ್ಕೂ ಕುದಿಯುವುದನ್ನು 212ಕ್ಕೂ ಗಟ್ಟಿಮಾಡಿದ್ದರಿಂದ ನಡುವೆ 180 ಭಾಗಗಳಾದವು, ಮೈಬಿಸಿಯ ಅಂಕಿಯೂ 96ರಿಂದ ಮೇಲೆ ಸರಿಯಿತು. ಸೆಲ್ಸಿಯಸ್‌ನಲ್ಲಿ ಅದೇ ಜಾಗಕ್ಕೆ 100 ಭಾಗ. 180ಕ್ಕೆ 100, ಎಂದರೆ 9ಕ್ಕೆ 5. ಆಂಡರ್ಸ್ ಸೆಲ್ಸಿಯಸ್ 1742ರಲ್ಲಿ ಮುಂದಿಟ್ಟ ಮಾಪಕ ಇಂದಿನದಕ್ಕೆ ತಲೆಕೆಳಗಾಗಿತ್ತು: ಕುದಿಯುವುದಕ್ಕೆ 0, ಹೆಪ್ಪುಗಟ್ಟುವುದಕ್ಕೆ 100. ಕೆಲವೇ ವರ್ಷಗಳಲ್ಲಿ ಅದನ್ನು ತಿರುಗಿಸಿದರು. ‘ಸೆಂಟಿಗ್ರೇಡ್’ ಹೋಗಿ ‘ಸೆಲ್ಸಿಯಸ್’ ಅಧಿಕೃತ ಹೆಸರಾದದ್ದು 1948ರಲ್ಲಿ.

ಯಾವುದು ಗುರುತು, ಯಾವುದು ಅಂತರ ಎಂದು ಗುರುತಿಸುವುದೇ ನಿಜವಾದ ಕೌಶಲ. ನಿಖರತೆ, ಸಹನಾಮಿತಿ (ಎಷ್ಟು ಹೆಚ್ಚುಕಡಿಮೆಯನ್ನು ಒಪ್ಪಬಹುದು ಎಂಬ ಮಿತಿ), ‘ಇಷ್ಟು ಏರಿತು, ಇಷ್ಟು ಇಳಿಯಿತು’ ಎನ್ನುವ ಮಾತು, ಥರ್ಮೋಸ್ಟ್ಯಾಟ್ ಆಫ್ ಆಗಿ ಮತ್ತೆ ಆನ್ ಆಗುವ ನಡುವಿನ ವ್ಯತ್ಯಾಸ, ಹಗಲು ರಾತ್ರಿಗಳ ತಾಪಮಾನದ ವ್ಯತ್ಯಾಸ, ಇವೆಲ್ಲ ಅಂತರಗಳು. ಜಾಗತಿಕ ತಾಪಮಾನ ಏರಿಕೆಯ ಮಿತಿಯಾಗಿ ಹೇಳುವ 1.5 °ಸೆ ಕೂಡ ಅಂತರವೇ. ಫ್ಯಾರನ್‌ಹೀಟ್‌ನಲ್ಲಿ ಅದು 2.7. ಯಾಂತ್ರಿಕವಾಗಿ ಸೂತ್ರಕ್ಕೆ ಹಾಕಿದರೆ 34.7 ಬರುತ್ತದೆ! ಒಂದು ತಿಂಗಳ ತಾಪಮಾನಗಳ ಸರಾಸರಿಯನ್ನು ಬದಲಿಸುವಾಗ 32 ಬೇಕು, ಏಕೆಂದರೆ ಸರಾಸರಿ ಒಂದು ಗುರುತು. ಅದೇ ಅಂಕಿಗಳ ಪ್ರಮಾಣ ವಿಚಲನೆಯನ್ನು (ಅವು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆಯನ್ನು) ಬದಲಿಸುವಾಗ 32 ಬೇಡ, ಏಕೆಂದರೆ ಅದು ಅಂತರ. ಒಂದೇ ಕೋಷ್ಟಕದ ಅಕ್ಕಪಕ್ಕದ ಎರಡು ಕಾಲಂಗಳಿಗೆ ಎರಡು ಸೂತ್ರ ಬೇಕಾಗುವುದು ಹೀಗೆ.

‘ಪ್ರತಿ ಡಿಗ್ರಿಗೆ’ ಎಂದು ಬರುವ ಅಂಕಿಗಳಲ್ಲಿ ದಿಕ್ಕೇ ತಿರುಗುತ್ತದೆ. ಉಕ್ಕು ಪ್ರತಿ °ಸೆ ಏರಿಕೆಗೆ ತನ್ನ ಉದ್ದದ ಹತ್ತು ಲಕ್ಷದಲ್ಲಿ ಸುಮಾರು 12 ಪಾಲು ಹಿಗ್ಗುತ್ತದೆ. ಫ್ಯಾರನ್‌ಹೀಟ್ ಡಿಗ್ರಿ ಚಿಕ್ಕದು, ಹಾಗಾಗಿ ಪ್ರತಿ °ಫ್ಯಾಗೆ ಹಿಗ್ಗುವುದೂ ಕಡಿಮೆ: 12 ÷ 1.8, ಸುಮಾರು 6.67 ಪಾಲು. ಇಲ್ಲಿ ಗುಣಿಸುವುದಲ್ಲ, ಭಾಗಿಸುವುದು. 10 ಮೀಟರ್ ಉದ್ದದ ಉಕ್ಕಿನ ಸರಳು 30 °ಸೆ ಬಿಸಿಯೇರಿದರೆ 3.6 ಮಿಲಿಮೀಟರ್ ಬೆಳೆಯುತ್ತದೆ. ಫ್ಯಾರನ್‌ಹೀಟ್‌ನಲ್ಲಿ ಮಾಡಿದರೂ ಏರಿಕೆ 54 °ಫ್ಯಾ, ಪ್ರತಿ ಡಿಗ್ರಿಗೆ 6.67, ಮತ್ತೆ 3.6 ಮಿಲಿಮೀಟರ್. ಆದರೆ 30ನ್ನು ಗುರುತು ಎಂದು ತಿಳಿದು 86 ಮಾಡಿಕೊಂಡವರಿಗೆ 5.7 ಮಿಲಿಮೀಟರ್ ಸಿಗುತ್ತದೆ. ಈ ತಪ್ಪು ಅಪಾಯಕಾರಿ, ಏಕೆಂದರೆ 5.7 ನೋಡಿದರೆ ಯಾರಿಗೂ ಅನುಮಾನ ಬರುವುದಿಲ್ಲ. ನಿಮಗೆ −16.7 ಬಂದದ್ದು ಒಳ್ಳೆಯದೇ ಆಯಿತು, ಅದು ಕಣ್ಣಿಗೆ ಹೊಡೆಯಿತು.

ಇನ್ನು ಬಾಯಿಲೆಕ್ಕ. ಸೆಲ್ಸಿಯಸ್‌ನಿಂದ ಫ್ಯಾರನ್‌ಹೀಟ್‌ಗೆ: ಎರಡರಷ್ಟು ಮಾಡಿ, ಬಂದದ್ದರಲ್ಲಿ ಹತ್ತನೇ ಒಂದು ಪಾಲು ತೆಗೆಯಿರಿ, 32 ಕೂಡಿಸಿ. 37ಕ್ಕೆ: ಎರಡರಷ್ಟು 74, ಹತ್ತನೇ ಪಾಲು 7.4 ತೆಗೆದರೆ 66.6, 32 ಕೂಡಿದರೆ 98.6. ಇದು ಅಂದಾಜಲ್ಲ, ಪೂರ್ತಿ ಸರಿಯಾದ ಲೆಕ್ಕ. ಎರಡರಲ್ಲಿ ಅದರ ಹತ್ತನೇ ಪಾಲು ಹೋದರೆ ಉಳಿಯುವುದು 1.8 ತಾನೇ. ಸೊನ್ನೆಗಿಂತ ಕೆಳಗಿನ ಅಂಕಿಗಳಲ್ಲಿ ಮಾತ್ರ ಎಚ್ಚರ ಬೇಕು. −15ಕ್ಕೆ ಎರಡರಷ್ಟು −30. ಹತ್ತನೇ ಪಾಲು ತೆಗೆದರೆ ಸೊನ್ನೆಯ ಕಡೆಗೆ ಬರಬೇಕು: −27. 32 ಕೂಡಿದರೆ 5 °ಫ್ಯಾ. ಹಲವರು ಇಲ್ಲಿ −33 ಮಾಡಿ −1 ಎಂದು ಬರೆಯುತ್ತಾರೆ.

ಹಿಂದಕ್ಕೆ ಬರುವಾಗ 32 ಕಳೆಯಿರಿ, ಅರ್ಧ ಮಾಡಿ, ಆ ಅರ್ಧಕ್ಕೆ ಅದರ ಹತ್ತನೇ ಪಾಲನ್ನೂ ನೂರನೇ ಪಾಲನ್ನೂ ಸೇರಿಸಿ. 104 °ಫ್ಯಾ: 72, ಅರ್ಧ 36, ಅದಕ್ಕೆ 3.6 ಮತ್ತು 0.36 ಸೇರಿದರೆ 39.96. ನಿಜವಾದ ಉತ್ತರ 40. ಮನೆಬಳಕೆಗೆ ಇಷ್ಟು ಹತ್ತಿರ ಬಂದರೆ ಸಾಕು.

32ನ್ನು ಮೊದಲು ಕಳೆಯಬೇಕೋ ಕೊನೆಗೆ ಕೂಡಿಸಬೇಕೋ ಎಂದು ಪ್ರತಿ ಸಲ ತಡವರಿಸುವವರಿಗೆ 40ರ ದಾರಿ ಒಳ್ಳೆಯದು. ಎರಡು ಮಾಪಕಗಳೂ ಒಂದೇ ಅಂಕಿ ತೋರಿಸುವ ಒಂದು ಜಾಗವಿದೆ: −40. ಅಲ್ಲಿಂದ ಎಣಿಸಿದರೆ ಎರಡಕ್ಕೂ ಶುರು ಒಂದೇ, ಉಳಿಯುವುದು ಗೆರೆಯ ಒತ್ತು ಮಾತ್ರ. ಹಾಗಾಗಿ ಯಾವ ಕಡೆಗೆ ಹೋಗುವುದಿದ್ದರೂ ಮೊದಲು 40 ಕೂಡಿಸಿ, ಕೊನೆಗೆ 40 ಕಳೆಯಿರಿ. ನಡುವೆ ಫ್ಯಾರನ್‌ಹೀಟ್‌ಗೆ ಹೋಗುವುದಾದರೆ 1.8ರಿಂದ ಗುಣಿಸಿ, ಸೆಲ್ಸಿಯಸ್‌ಗೆ ಬರುವುದಾದರೆ ಭಾಗಿಸಿ. 20 °ಸೆ: 60, 108, 68 °ಫ್ಯಾ. 95 °ಫ್ಯಾ: 135, 75, 35 °ಸೆ.

‘ಎರಡರಷ್ಟು ಮಾಡಿ 30 ಕೂಡಿಸಿ’ ಎಂಬ ದಾರಿಯೊಂದು ತುಂಬ ಚಾಲ್ತಿಯಲ್ಲಿದೆ. ಅದು ಸರಿಯಾಗುವುದು 10 °ಸೆನಲ್ಲಿ ಮಾತ್ರ. ಅಲ್ಲಿಂದ ಪ್ರತಿ 5 °ಸೆ ದೂರ ಹೋದಂತೆ ಒಂದೊಂದು °ಫ್ಯಾ ತಪ್ಪು ಸೇರುತ್ತದೆ. 25 °ಸೆಗೆ 80 ಬರುತ್ತದೆ, ಬರಬೇಕಾದದ್ದು 77. ಹವೆಯ ಮಾತಾಡುವಾಗ ಪರವಾಗಿಲ್ಲ. 200 °ಸೆನ ಓವನ್‌ಗೆ 430 ಬರುತ್ತದೆ, ಬೇಕಾದದ್ದು 392. 39 °ಸೆ ಜ್ವರಕ್ಕೆ 108 ಬರುತ್ತದೆ, ನಿಜಕ್ಕೆ ಅದು 102.2. ಜ್ವರದ ಲೆಕ್ಕಕ್ಕೆ ಈ ದಾರಿಯನ್ನು ದಯವಿಟ್ಟು ಹಿಡಿಯಬೇಡಿ.

ಜ್ವರಕ್ಕೆ ಲೆಕ್ಕ ಮಾಡುವುದಕ್ಕಿಂತ ಆರು ಅಂಕಿ ಬಾಯಿಪಾಠ ಮಾಡಿಕೊಳ್ಳುವುದೇ ಲೇಸು: 36ಕ್ಕೆ 96.8, 37ಕ್ಕೆ 98.6, 38ಕ್ಕೆ 100.4, 39ಕ್ಕೆ 102.2, 40ಕ್ಕೆ 104, 41ಕ್ಕೆ 105.8. ಪ್ರತಿ ಮೆಟ್ಟಿಲಿಗೆ 1.8. ಜ್ವರದ ಅಂಕಿಗಳಲ್ಲಿ ಸೂತ್ರಕ್ಕಿಂತ ಹೆಚ್ಚು ಕೆಡಿಸುವುದು ಪೂರ್ಣಾಂಕಕ್ಕೆ ಸರಿಹೊಂದಿಸುವ ಅಭ್ಯಾಸ. ಒಬ್ಬರ ಮೈಬಿಸಿ 99.7 °ಫ್ಯಾ ಇದೆ. ಸೆಲ್ಸಿಯಸ್‌ನಲ್ಲಿ 37.61. ಬರೆಯುವವರು ‘38’ ಎಂದು ಗುಂಡಾಗಿಸಿ ಬರೆದರು. ಮತ್ತೊಬ್ಬರು ಅದನ್ನು ಫ್ಯಾರನ್‌ಹೀಟ್‌ಗೆ ತಿರುಗಿಸಿದರು: 100.4. ಜ್ವರ ಎಂದು ಸಾಮಾನ್ಯವಾಗಿ ಪರಿಗಣಿಸುವ ಗೆರೆ ಅದೇ 100.4. ಮೈ ಬಿಸಿಯಾಗಲೇ ಇಲ್ಲ, ಕಾಗದದ ಮೇಲೆ ಜ್ವರ ಬಂತು. ಆದ್ದರಿಂದ ಅಳೆದ ಮೂಲ ಅಂಕಿಯನ್ನು ಅದರ ಮಾಪಕದ ಹೆಸರಿನ ಸಮೇತ ಮೊದಲು ಬರೆದಿಡಿ, ಒಂದು ದಶಮಾಂಶ ಉಳಿಸಿ, ಗುಂಡಾಗಿಸುವುದಿದ್ದರೆ ಕೊನೆಯಲ್ಲಿ ಒಮ್ಮೆ ಮಾತ್ರ.

ಇದರ ಇನ್ನೊಂದು ಮುಖ ಆ ಪ್ರಸಿದ್ಧ 98.6. ಜರ್ಮನಿಯ ವೈದ್ಯ ಕಾರ್ಲ್ ವುಂಡರ್ಲಿಶ್ 1868ರಲ್ಲಿ ಪ್ರಕಟಿಸಿದ ಮೈಬಿಸಿಯ ಸರಾಸರಿ 37 °ಸೆ. ಅದು ಸ್ಥೂಲವಾದ ಅಂಕಿ. 37ನ್ನು ಸೂತ್ರಕ್ಕೆ ಹಾಕಿದಾಗ 98.6 ಬಂತು, ದಶಮಾಂಶದ ಅಂಕಿ ನೋಡಿದವರಿಗೆ ಅಷ್ಟು ಸೂಕ್ಷ್ಮವಾಗಿ ಅಳೆದಿದ್ದಾರೆ ಎನಿಸಿತು. ಸೂತ್ರ ಮಾಪಕವನ್ನು ಬದಲಿಸಬಲ್ಲದು, ಅಳತೆಯ ಸೂಕ್ಷ್ಮತೆಯನ್ನು ಹೆಚ್ಚಿಸಲಾರದು. ‘ಸುಮಾರು 37’ ಎಂಬುದರ ಸರಿಯಾದ ರೂಪ ‘ಸುಮಾರು 98ರಿಂದ 99’.

ಕೆಲ್ವಿನ್ ವಿಷಯ. ತಾಪಮಾನ ಇನ್ನು ಕೆಳಗೆ ಇಳಿಯಲಾರದ ಪರಮಶೂನ್ಯವನ್ನೇ ಸೊನ್ನೆ ಎಂದು ಎಣಿಸುವ ಮಾಪಕ ಅದು. °ಸೆಗೆ ಕೂಡಿಸಬೇಕಾದದ್ದು 273.15, ಅದು ವ್ಯಾಖ್ಯೆಯಿಂದಲೇ ನಿಗದಿಯಾದ ಅಂಕಿ, ಅದರ ಮುಂದೆ ದಶಮಾಂಶಗಳಿಲ್ಲ. ನಿಮ್ಮ ಮೂಲ ಅಳತೆಯೇ ಪೂರ್ತಿ ಡಿಗ್ರಿಗಳಲ್ಲಿದ್ದರೆ 273 ಹಾಕಿದರೂ ಲೆಕ್ಕ ಕೆಡುವುದಿಲ್ಲ, 300 ಕೆಲ್ವಿನ್ ಆಸುಪಾಸಿನಲ್ಲಿ ತಪ್ಪು ಶೇ. 0.05ರಷ್ಟು. ತೊಂದರೆಯಾಗುವುದು ಹೋಗುವಾಗ 273, ಬರುವಾಗ 273.15 ಬಳಸಿದಾಗ, 0.15 ಡಿಗ್ರಿ ತಪ್ಪು ಒಳಗೆ ಸೇರಿ ಕೂರುತ್ತದೆ, ಎಲ್ಲಿಂದ ಬಂತು ಎಂದು ಹುಡುಕುವುದು ಕಷ್ಟ. ಕೆಲವು ಪುಸ್ತಕಗಳಲ್ಲಿ 273.16 ಎಂದು ಕಂಡರೆ ಅದು ಅಚ್ಚಿನ ತಪ್ಪಲ್ಲ. ಮಂಜುಗಡ್ಡೆ, ನೀರು, ಆವಿ ಮೂರೂ ಒಟ್ಟಿಗೆ ಇರಬಲ್ಲ ನೀರಿನ ತ್ರಿಬಿಂದು ಅದು, 0.01 °ಸೆ. 1954ರಿಂದ 2019ರವರೆಗೆ ಕೆಲ್ವಿನ್ನಿನ ವ್ಯಾಖ್ಯೆ ನಿಂತಿದ್ದದ್ದು ಅದರ ಮೇಲೆ. 2019ರ ಮೇ 20ರಿಂದ ತಾಪಮಾನವನ್ನು ಶಕ್ತಿಗೆ ಜೋಡಿಸುವ ಬೋಲ್ಟ್ಸ್‌ಮನ್ ಸ್ಥಿರಾಂಕದ ಮೇಲೆ ನಿಂತಿದೆ. ನಿಮ್ಮ ಪರಿವರ್ತನೆಯ ಸೂತ್ರ ಇದರಿಂದ ಬದಲಾಗಿಲ್ಲ. 1967ರಿಂದ ಕೆಲ್ವಿನ್ನಿನ ಜತೆ ‘ಡಿಗ್ರಿ’ ಸೇರಿಸುವುದಿಲ್ಲ: 300 ಕೆಲ್ವಿನ್, ಅಷ್ಟೇ.

ಕೆಲ್ವಿನ್ ಮತ್ತು ಸೆಲ್ಸಿಯಸ್‌ಗಳ ಗೆರೆಯ ಒತ್ತು ಒಂದೇ ಆದ್ದರಿಂದ ಅಂತರವನ್ನು ಬದಲಿಸುವ ಪ್ರಶ್ನೆಯೇ ಇಲ್ಲ. 10 °ಸೆ ಏರಿಕೆ ಎಂದರೆ 10 ಕೆಲ್ವಿನ್ ಏರಿಕೆ. ಆದರೆ ‘ಇಷ್ಟು ಪಟ್ಟು’ ಎಂಬ ಮಾತು ಬಂದರೆ ಕೆಲ್ವಿನ್ ಕಡ್ಡಾಯ. 40 °ಸೆ ಎಂಬುದು 20 °ಸೆನ ಎರಡು ಪಟ್ಟು ಬಿಸಿಯಲ್ಲ. ಅದನ್ನೇ ಫ್ಯಾರನ್‌ಹೀಟ್‌ನಲ್ಲಿ ಬರೆದರೆ 104 ಮತ್ತು 68, ಒಂದೂವರೆ ಪಟ್ಟು ಎನಿಸುತ್ತದೆ. ಮಾಪಕ ಬದಲಾದರೆ ತಾನೂ ಬದಲಾಗುವ ‘ಇಷ್ಟು ಪಟ್ಟು’ ಎಂಬ ಮಾತಿಗೆ ಅರ್ಥವೇನು? ಕೆಲ್ವಿನ್‌ನಲ್ಲಿ 313.15 ಮತ್ತು 293.15, ಎಂದರೆ 1.07 ಪಟ್ಟು. ಪ್ರಕೃತಿ ಲೆಕ್ಕ ಹಿಡಿಯುವುದು ಇದನ್ನೇ.

ಒಂದು ಮುಚ್ಚಿದ ಸಿಲಿಂಡರಿನಲ್ಲಿ ಸಂಕುಚಿತ ಗಾಳಿ ಇದೆ. 15 °ಸೆನಲ್ಲಿ ಒತ್ತಡ ಅಳೆಯುವ ಗೇಜ್ 10 ಬಾರ್ ತೋರಿಸುತ್ತಿದೆ. ಬಿಸಿಲಿಗೆ 45 °ಸೆ ಆದರೆ ಗೇಜ್ ಎಷ್ಟು ತೋರಿಸುತ್ತದೆ? 45 ÷ 15 = 3, ಆದ್ದರಿಂದ 30 ಬಾರ್ ಎನ್ನುವುದು ಪರೀಕ್ಷೆಗಳಲ್ಲಿ ಮತ್ತೆ ಮತ್ತೆ ಕಾಣುವ ತಪ್ಪು. ಸರಿಯಾದ ದಾರಿಯಲ್ಲಿ ಎರಡು ಸೊನ್ನೆಗಳನ್ನು ಸರಿಪಡಿಸಬೇಕು. ಗೇಜ್ ವಾಯುಭಾರವನ್ನು ಸೊನ್ನೆ ಎಂದು ಎಣಿಸುತ್ತದೆ, ಹಾಗಾಗಿ 1.013 ಕೂಡಿಸಿ: 11.013 ಬಾರ್. ತಾಪಮಾನಗಳು 288.15 ಮತ್ತು 318.15 ಕೆಲ್ವಿನ್, ಪಟ್ಟು 1.104. ಗುಣಿಸಿದರೆ 12.16, ಮತ್ತೆ 1.013 ಕಳೆದರೆ ಗೇಜ್‌ನಲ್ಲಿ ಸುಮಾರು 11.15 ಬಾರ್. (ಒಳಗೆ ದ್ರವವಾಗಿ ಕೂತ ಅನಿಲವಿದ್ದರೆ ಈ ಲೆಕ್ಕ ನಡೆಯುವುದಿಲ್ಲ.)

ರ‍್ಯಾಂಕಿನ್ ಎಂಬುದು ಫ್ಯಾರನ್‌ಹೀಟ್ ಗೆರೆಗಳ ಕೆಲ್ವಿನ್: °ಫ್ಯಾಗೆ 459.67 ಕೂಡಿಸಿ, ಅಥವಾ ಕೆಲ್ವಿನ್ನನ್ನು 1.8ರಿಂದ ಗುಣಿಸಿ. ಹಳೆಯ ಯುರೋಪಿನ ದಾಖಲೆಗಳಲ್ಲಿ ಸಿಗುವ ರೇಯೋಮ್ಯೂರ್ ಮಾಪಕದಲ್ಲಿ ಹೆಪ್ಪುಗಟ್ಟುವುದು 0, ಕುದಿಯುವುದು 80, 1.25ರಿಂದ ಗುಣಿಸಿದರೆ ಸೆಲ್ಸಿಯಸ್.

ಕ್ಯಾಲ್ಕುಲೇಟರ್ ಮತ್ತು ಪ್ರೋಗ್ರಾಮುಗಳಲ್ಲಿ ಆಗುವ ತಪ್ಪುಗಳು ಬೇರೆಯೇ ಜಾತಿಯವು. 212 − 32 × 5 ÷ 9 ಎಂದು ಸರಾಗವಾಗಿ ಒತ್ತಿ ನೋಡಿ. ಸಾದಾ ಕ್ಯಾಲ್ಕುಲೇಟರ್ ಒತ್ತಿದ ಕ್ರಮದಲ್ಲೇ ಹೋಗಿ 100 ಎನ್ನುತ್ತದೆ. ಸೈಂಟಿಫಿಕ್ ಕ್ಯಾಲ್ಕುಲೇಟರ್ ಗುಣಾಕಾರ ಭಾಗಾಕಾರಗಳನ್ನು ಮೊದಲು ಮುಗಿಸಿ 194.2 ಎನ್ನುತ್ತದೆ. ಎರಡೂ ಕೆಟ್ಟಿಲ್ಲ, ಕಳೆಯುವ ಭಾಗಕ್ಕೆ ಆವರಣ ಹಾಕಿ, ಅಥವಾ 32 ಕಳೆದ ಮೇಲೆ ಒಮ್ಮೆ ಸಮ ಚಿಹ್ನೆ ಒತ್ತಿ. ಪ್ರೋಗ್ರಾಂ ಬರೆಯುವವರಿಗೆ ಹೊಂಚು ಹಾಕಿರುವುದು ಪೂರ್ಣಾಂಕ ಭಾಗಾಕಾರ, ಎಂದರೆ ದಶಮಾಂಶ ಭಾಗವನ್ನು ಬಿಟ್ಟುಬಿಡುವ ಭಾಗಾಕಾರ. ಸಿ, ಜಾವಾದಂಥ ಭಾಷೆಗಳಲ್ಲಿ 9/5 ಎಂದರೆ 1, 5/9 ಎಂದರೆ 0. ಹಾಗಾಗಿ 100 °ಸೆ 132 °ಫ್ಯಾ ಆಗುತ್ತದೆ, ಇನ್ನೊಂದು ಕಡೆಗೆ ಏನು ಕೊಟ್ಟರೂ 0 ಬರುತ್ತದೆ. ನೇರವಾಗಿ 1.8 ಎಂದು ಬರೆದುಬಿಡಿ.

ಸೆನ್ಸರ್ ಜೋಡಿಸುವವರು ಬಿಡಿಭಾಗದ ಹೆಸರಿನ ಕೊನೆಯ ಅಂಕಿಯವರೆಗೂ ಓದಬೇಕು. ಎಲ್‌ಎಂ35 ಪ್ರತಿ °ಸೆಗೆ 10 ಮಿಲಿವೋಲ್ಟ್ ಕೊಡುತ್ತದೆ, ಎಲ್‌ಎಂ34 ಪ್ರತಿ °ಫ್ಯಾಗೆ, ಎಲ್‌ಎಂ335 ಪ್ರತಿ ಕೆಲ್ವಿನ್‌ಗೆ. ಒಂದೇ 25 °ಸೆ ಕೋಣೆಯಲ್ಲಿ ಮೂರೂ ಕ್ರಮವಾಗಿ 0.25, 0.77 ಮತ್ತು 2.98 ವೋಲ್ಟ್ ಕೊಡುತ್ತವೆ. ಓದಿದ ತಾಪಮಾನ −273.15 °ಸೆಗಿಂತ ಕೆಳಗೆ ಬಂದರೆ ಅದನ್ನು ದಾಖಲಿಸದೆ ತಿರಸ್ಕರಿಸುವ ಒಂದು ಸಾಲು ಪ್ರೋಗ್ರಾಮಿನಲ್ಲಿ ಇರಲಿ.

ಬರೆದ ಪರಿವರ್ತನೆಯನ್ನು ಪರೀಕ್ಷಿಸಲು 0 ಒಂದನ್ನೇ ಕೊಟ್ಟು ನೋಡಬೇಡಿ. 9/5 ತಪ್ಪಿದ್ದರೂ 0ಕ್ಕೆ 32 ಸರಿಯಾಗಿಯೇ ಬರುತ್ತದೆ. −40, 0, 37, 100 ನಾಲ್ಕನ್ನೂ ಕೊಡಿ. −40, 32, 98.6, 212 ಬರಬೇಕು. ಎಲ್ಲ ಉತ್ತರಗಳೂ ಒಂದೇ ಪ್ರಮಾಣದಲ್ಲಿ ಆಚೀಚೆ ಆಗಿದ್ದರೆ 32ರಲ್ಲಿ ದೋಷ, 0 ಸರಿಯಿದ್ದು ದೂರ ಹೋದಂತೆ ತಪ್ಪು ಬೆಳೆದರೆ 1.8ರಲ್ಲಿ. ಅಂತರಕ್ಕೆ ಬೇರೆಯೇ ಫಂಕ್ಷನ್ ಬರೆಯಿರಿ. ಅದಕ್ಕೆ 0 ಕೊಟ್ಟರೆ 0 ಬರಬೇಕು.

ಥರ್ಮಾಮೀಟರನ್ನೇ ಪರೀಕ್ಷಿಸಲು ಪುಡಿಮಾಡಿದ ಮಂಜುಗಡ್ಡೆಗೆ ಸ್ವಲ್ಪ ಶುದ್ಧ ನೀರು ಸೇರಿಸಿ, ಕಲಕಿ, ಕಡ್ಡಿಯ ತುದಿ ಪಾತ್ರೆಗೆ ತಾಗದಂತೆ ಅದ್ದಿ, ಅಂಕಿ ನಿಲ್ಲುವವರೆಗೆ ಕಾಯಿರಿ: 32 °ಫ್ಯಾ, ಎಂದರೆ 0 °ಸೆ. ಕುದಿಯುವ ನೀರು ಇದಕ್ಕೆ ಅಷ್ಟು ನಂಬಿಕಸ್ತವಲ್ಲ. ಸಮುದ್ರಮಟ್ಟದಿಂದ ಸುಮಾರು 300 ಮೀಟರ್ ಏರಿದಂತೆಲ್ಲ ಕುದಿಬಿಂದು ಹತ್ತಿರ ಹತ್ತಿರ 1 °ಸೆ ಇಳಿಯುತ್ತದೆ. ನಿಮ್ಮದು ಮಂಜುಗಡ್ಡೆಯಲ್ಲಿ 30ರಿಂದ 34 °ಫ್ಯಾ ಒಳಗೆ ಯಾವ ಅಂಕಿ ತೋರಿಸಿದರೂ ಕೈಪಿಡಿಯ ಮಾತಿಗೆ ಬದ್ಧವಾಗಿದೆ. ಕೋಣೆಯಲ್ಲಿ ಅದು 70 °ಫ್ಯಾ ತೋರಿಸಿದರೆ 21.1 ± 1.1 °ಸೆ ಎಂದು ಬರೆದುಕೊಳ್ಳಿ. ನಿಜವಾದ ತಾಪಮಾನ 20ರಿಂದ 22.2ರ ಒಳಗೆ ಎಲ್ಲಾದರೂ ಇದೆ.